ಸಬ್ರ್ ಎಂದರೆ ಮೌನವಲ್ಲ

ರಾಜಗೋಪಾಲನಗರ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಯುವಕನನ್ನು ಪೊಲೀಸರು ಕರೆದೊಯ್ದರೆ ನಾವು ಮೊದಲು ಹುಡುಕುವುದು ಪ್ರಭಾವಿ ವ್ಯಕ್ತಿಯನ್ನು, ಕಾನೂನನ್ನಲ್ಲ. ಆತ ಸಿಗದಿದ್ದರೆ ‘ಸಬ್ರ್ ಮಾಡಿ’ ಎಂಬ ಉಪದೇಶ. ಅನ್ಯಾಯಕ್ಕೆ ತಲೆಬಾಗುವುದೇ ಸಹನೆಯೆಂದು ಯಾರು ಹೇಳಿದರು? ಸಾಕ್ಷ್ಯ ನಮಗೇ ವಿರುದ್ಧವಾದರೂ ನ್ಯಾಯದ ಪರ ದೃಢವಾಗಿ ನಿಲ್ಲಬೇಕೆಂಬುದು ಅನ್ನಿಸಾ ಅಧ್ಯಾಯದ 135ನೆಯ ವಚನದ ಆಶಯ. ಆದ್ದರಿಂದ ತಪ್ಪಿತಸ್ಥನನ್ನು ಅಡಗಿಸುವುದೂ ಸಲ್ಲದು, ತಪ್ಪನ್ನು ಠಾಣೆಯೇ ತೀರ್ಮಾನಿಸುವುದೂ ಸಲ್ಲದು.

ಬಂಧನದ ಕಾರಣ ತಿಳಿಯುವ, ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಸಂವಿಧಾನದ 22ನೆಯ ವಿಧಿಯೇ ನೀಡಿದೆ. ಮುಂಜಾಗ್ರತಾ ಬಂಧನದ ಹೊರತು, ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೆಯ ಕಲಮಿನಂತೆ, ಬಂಧಿತನನ್ನು ಎಲ್ಲಿ ಇರಿಸಲಾಗಿದೆಯೆಂದು ಬಂಧುಗಳಿಗೋ ಆತ ಸೂಚಿಸಿದವರಿಗೋ ಒಡನೆಯೇ ತಿಳಿಸಬೇಕು. ಸಾಕ್ಷಿಯಾಗಿ ವಿಚಾರಿಸಲು ಮಹಿಳೆಯರನ್ನು, 15 ತುಂಬದವರನ್ನು, 60 ದಾಟಿದವರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಇವು ಯಾರ ಕೃಪೆಯೂ ಅಲ್ಲ.

2021ರ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ತನಗೆ ಮೂತ್ರ ನೆಕ್ಕಿಸಲಾಯಿತೆಂದು ದಲಿತ ಯುವಕನೊಬ್ಬ ದೂರಿದ. ಆತ ‘ಸಹಿಸಿಕೊಳ್ಳೋಣ’ ಎಂದು ಸುಮ್ಮನಾಗಲಿಲ್ಲ. ಆದುದರಿಂದಲೇ ಸಬ್‌ ಇನ್ಸ್‌ಪೆಕ್ಟರ್ ವಿರುದ್ಧ ಪ್ರಕರಣ ದಾಖಲಾಯಿತು, ತನಿಖೆ ಸಿಐಡಿಗೆ ಹೋಯಿತು, ಬಂಧನವೂ ಆಯಿತು.

ವಕೀಲರಿಗೆ ಹಣವಿಲ್ಲವೆಂಬ ನೆಪವೂ ನಿಲ್ಲದು. ಕಸ್ಟಡಿಯಲ್ಲಿರುವವರಿಗೂ ಮಹಿಳೆಯರಿಗೂ ಕಾನೂನು ನೆರವು ಉಚಿತ, ಸಹಾಯವಾಣಿ 15100. ಮಸೀದಿ ಸಮಿತಿಗಳೇ, ಮದುವೆ ಮಂಟಪಗಳ ಖರ್ಚಿನ ಕುರಿತು ಗಂಟೆಗಟ್ಟಲೆ ಚರ್ಚಿಸುವ ನೀವು ಒಂದು ಶುಕ್ರವಾರವನ್ನಾದರೂ ಇದಕ್ಕೆ ಮೀಸಲಿಡಲಾರಿರಾ? ಮರ್ದಿತನ ಮೌನ ದಬ್ಬಾಳಿಕೆಗೆ ನೀಡುವ ಬಲವನ್ನು ಮಧ್ಯವರ್ತಿಯ ಶಿಫಾರಸು ಎಂದಿಗೂ ತಗ್ಗಿಸದು.