ಆರಕ್ಕೆ ಆರೂ ರೇಂಜರು

ನಮ್ಮ ಅಗಸೂರಲ್ಲಿ ‘ರೇಂಜರು ಬಂದ್ರು’ ಎಂದರೆ ತಲೆಮೇಲಿನ ಸೌದೆಹೊರೆ ದಾರಿ ಬದಲಿಸುತ್ತದೆ. 1998ರ ‘ಬಾಲ್ಡರ್ಸ್ ಗೇಟ್’ ಕಂಪ್ಯೂಟರ್ ಆಟದಲ್ಲಿ ನಾನು ಆರಕ್ಕೆ ಆರೂ ರೇಂಜರುಗಳ ತಂಡ ಕಟ್ಟಿದಾಗ ಗೆಳೆಯರು ನಕ್ಕರು: ಮಂತ್ರವಾದಿಯಿಲ್ಲ, ಬೀಗ ತೆಗೆಯುವ ಕಳ್ಳನಿಲ್ಲ, ಇದೆಂಥ ತಂಡ?

ನನ್ನ ತಕರಾರು ಬೇರೆ. ಆಟದ ರೇಂಜರ್ ಕಾಡು ಬಲ್ಲವನು. ಕೆಟ್ಟದ್ದು ಮಾಡಿ ಹೆಸರು ಕಳಕೊಂಡರೆ ಆ ಪದವಿಯೂ ಹೋಗುತ್ತದೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಪರಿಶಿಷ್ಟ ಪಂಗಡಕ್ಕೆ ಸೇರದ ಹಾಲಕ್ಕಿಗಳಿಂದ 2006ರ ಅರಣ್ಯ ಹಕ್ಕು ಕಾಯ್ದೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ಪುರಾವೆ ಕೇಳುತ್ತದೆ. ಸಮವಸ್ತ್ರಕ್ಕೆ ಅಂಥ ಪರೀಕ್ಷೆಯಿಲ್ಲ.

ಇದೇ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ತಾಯಿಮರ ಗುರುತಿಸಿ ಬೀಜ ಆರಿಸುತ್ತಿದ್ದರು. ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ದಿನಗೂಲಿ. ಆಟದ ನಿಯಮದಲ್ಲಿ ರೇಂಜರ್ ಅವರೇ. ಸಮತೋಲನದ ಪಾಠ ಹೇಳುವವರು ಮೊದಲು ಇದನ್ನು ಸರಿದೂಗಿಸಲಿ.