ಪಾರ್ಕಿನ ಪಾತಿಗೆ ಬೈಲಾ ಬೇಕು

ನಗರದ ಉದ್ಯಾನಗಳಲ್ಲಿ ಸಾಮೂಹಿಕ ಕೈತೋಟಕ್ಕೆ, ಅಂದರೆ ನೆರೆಹೊರೆಯವರು ಕೂಡಿ ಸೊಪ್ಪು ತರಕಾರಿ ಬೆಳೆದು ಹಂಚಿಕೊಳ್ಳುವ ವ್ಯವಸ್ಥೆಗೆ, ಅವಕಾಶ ಕೊಡಬೇಕೆ ಎಂಬ ಪ್ರಶ್ನೆಯನ್ನು ದಕ್ಷಿಣ ಬೆಂಗಳೂರು ಇದುವರೆಗೆ ನೇರವಾಗಿ ಎದುರಿಸಿಲ್ಲ. ಪಾರ್ಕು ವಾಯುವಿಹಾರಕ್ಕೆ ಮೀಸಲು, ಅಲ್ಲಿ ಬದನೆ ಬೆಂಡೆ ಬೆಳೆಯಲು ಬಿಟ್ಟರೆ ಅದು ಒತ್ತುವರಿಗೆ ಮುನ್ನುಡಿ ಎನ್ನುವವರು ಒಂದು ಕಡೆ. ನಾಲ್ಕು ಗಿಡ ನೆಡುವುದಕ್ಕೂ ಅಪ್ಪಣೆ ಬೇಕೆ ಎನ್ನುವ ಉತ್ಸಾಹಿಗಳು ಇನ್ನೊಂದು ಕಡೆ. ಮೊದಲಿನವರ ಅನುಮಾನಕ್ಕೆ ಆಧಾರವಿದೆ, ತೀರ್ಮಾನ ಮಾತ್ರ ತಪ್ಪು. ಎರಡನೆಯವರ ಬೇಡಿಕೆ ನ್ಯಾಯವಾದದ್ದು, ಹಿಡಿದಿರುವ ದಾರಿ ಮಾತ್ರ ಅಪಾಯದ್ದು.

ಅನುಮಾನದ ಬೇರುಗಳು ಈ ಊರಿನ ಚರಿತ್ರೆಯಲ್ಲೇ ಇವೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಹಂಚಿಕೆ ಮಾಡಲಾಗಿತ್ತು. 1991ರಲ್ಲಿ ಸುಪ್ರೀಂ ಕೋರ್ಟು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಪ್ರಕರಣದಲ್ಲಿ, ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಜಯನಗರದಲ್ಲಂತೂ 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಲಕ್ಷ್ಮಣರಾವ್ ಉದ್ಯಾನದ ಭಾಗವನ್ನು ಬಿಟ್ಟುಕೊಡುವುದರ ವಿರುದ್ಧ ನಿವಾಸಿಗಳು ಬೀದಿಗಿಳಿದರೂ ಮಾರ್ಗ ಅಲ್ಲೇ ಹಾದುಹೋಯಿತು. ಉದ್ಯಾನ ಮತ್ತು ಆಟದ ಮೈದಾನಗಳ ಸಂರಕ್ಷಣೆಗೆಂದೇ 1985ರಷ್ಟು ಹಿಂದೆ ರಾಜ್ಯವು ಪ್ರತ್ಯೇಕ ಅಧಿನಿಯಮ ರೂಪಿಸಬೇಕಾಗಿ ಬಂದದ್ದನ್ನು ನೆನೆದರೆ, ಉದ್ಯಾನದ ಒಂದು ಗೇಣು ಜಾಗ ಯಾರ ಕೈಗೆ ಹೋದರೂ ಜನ ಬೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆಸ್ಪತ್ರೆಯ ಕಟ್ಟಡವನ್ನೂ ದಂಟಿನ ಸೊಪ್ಪಿನ ಪಾತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಪಾತಿ ಮಣ್ಣನ್ನು ಮಣ್ಣಾಗಿಯೇ ಉಳಿಸುತ್ತದೆ, ಬೇಡವೆನಿಸಿದಾಗ ಒಂದೇ ದಿನದಲ್ಲಿ ತೆಗೆಯಲೂ ಬರುತ್ತದೆ. ಉದ್ಯಾನಗಳಲ್ಲಿ ಕಾಂಕ್ರೀಟ್ ಹಾದಿ, ಮಂಟಪ, ಕಾರಂಜಿಗಳು ಏಳುವಾಗ ಸುಮ್ಮನಿದ್ದವರು ಬಸಳೆಯ ಚಪ್ಪರ ಕಂಡಾಗ ಮಾತ್ರ ಕಾನೂನನ್ನು ನೆನೆಯುವುದು ವಿಚಿತ್ರ. ತರಕಾರಿ ಈ ನೆಲಕ್ಕೆ ಹೊಸದೂ ಅಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬೀಳುವ ಮೊದಲು ಯಡಿಯೂರು, ಸಿದ್ದಾಪುರ, ಬೈರಸಂದ್ರಗಳು ಕೆರೆನೀರನ್ನು ನಂಬಿದ ಹಳ್ಳಿಗಳಾಗಿದ್ದವು. ಲಾಲ್‌ಬಾಗಿನ ಆರೈಕೆಯೊಂದಿಗೆ ಹೆಸರು ಬೆಸೆದುಕೊಂಡಿರುವ ತಿಗಳ ಸಮುದಾಯದ ತೋಟಗಾರರು ಊರಿಗೆ ಹೂವು, ತರಕಾರಿ ಬೆಳೆದುಕೊಡುತ್ತಿದ್ದರು.

ಸಾಮೂಹಿಕ ಕೈತೋಟದ ಪರವಾಗಿರುವ ಬಲವಾದ ವಾದ ಆಹಾರೋತ್ಪಾದನೆಯದ್ದಲ್ಲ, ಸಮಾನತೆಯದು. ನಗರದಲ್ಲಿ ಈಗಾಗಲೇ ಬೇರೂರಿರುವ ತಾರಸಿ ತೋಟದ ಹವ್ಯಾಸಕ್ಕೆ ಸ್ವಂತ ತಾರಸಿ ಬೇಕು, ಇಲ್ಲವೇ ಮಾಲೀಕರ ಒಪ್ಪಿಗೆ ಬೇಕು. ಬಿಟಿಎಂ ಬಡಾವಣೆಯ ಪಿ.ಜಿ. ಕೊಠಡಿಗಳಲ್ಲಿರುವ ಉದ್ಯೋಗಿಗಳಿಗೂ ತಾವರೆಕೆರೆಯ ಒಂಟಿಕೋಣೆಯ ಬಾಡಿಗೆ ಮನೆಗಳ ಕುಟುಂಬಗಳಿಗೂ ಇವೆರಡೂ ಇಲ್ಲ. ಅವರು ಮುಟ್ಟಬಹುದಾದ ಮಣ್ಣೆಂದರೆ ಪಾರ್ಕಿನದೊಂದೇ.

ಹಾಗೆಂದು ಎಲ್ಲ ಉದ್ಯಾನಗಳಲ್ಲೂ ಗುದ್ದಲಿ ಹಾಕಲಾಗದು. ಹೆಚ್ಚಿನ ಕಾಯಿಪಲ್ಯಕ್ಕೆ ದಿನಕ್ಕೆ ಸುಮಾರು ಆರು ಗಂಟೆ ಬಿಸಿಲು ಬೇಕು, ಹಳೆಯ ಬಡಾವಣೆಗಳ ಪಾರ್ಕುಗಳಲ್ಲೋ ದೊಡ್ಡ ಮರಗಳ ನೆರಳು. ಬಿಸಿಲಿಗಾಗಿ ಕೊಂಬೆ ಕಡಿಯುವುದಾಗಲಿ, ಬುಡದಲ್ಲಿ ಅಗೆದು ಬೇರು ಕತ್ತರಿಸುವುದಾಗಲಿ ಕೂಡದು. ನೀರಿನ ಪ್ರಶ್ನೆ ಇನ್ನೂ ಬಿಗಿಯಾದದ್ದು. ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರುವ ಕಾವೇರಿ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಜಲಮಂಡಳಿ 2024ರ ಮಾರ್ಚಿನಲ್ಲಿ ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಸಂಸ್ಕರಿಸಿದ ಕೊಳಚೆನೀರು ಹುಲ್ಲುಹಾಸಿಗೆ ಸಾಕಾದರೂ ಹಸಿಯಾಗಿ ತಿನ್ನುವ ಸೊಪ್ಪಿಗೆ ಪರೀಕ್ಷೆಯಿಲ್ಲದೆ ಒಗ್ಗದು. ಆದ್ದರಿಂದ ಮಳೆನೀರು ಹಿಡಿದಿಡುವ ತೊಟ್ಟಿ ಇಲ್ಲದ ಪಾರ್ಕಿನಲ್ಲಿ ಪಾತಿಗೆ ಅನುಮತಿ ಸಲ್ಲದು. ಗೊಬ್ಬರಕ್ಕೆ ಮಾತ್ರ ಕೊರತೆಯಿಲ್ಲ: ಉದುರಿದ ಎಲೆಯನ್ನು ಜಾಲರಿಯ ಗೂಡಿನಲ್ಲಿ ಪದರ ಪದರವಾಗಿ ತುಂಬಿ, ಸಗಣಿನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಕಪ್ಪಗೆ ಪುಡಿಯಾಗುತ್ತದೆ. ಪಕ್ಕದ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರವು ಇಂಥ ಗೊಬ್ಬರ ತಯಾರಿಕೆಯನ್ನು ಉದ್ಯಾನದ ಜಾಗದಲ್ಲೇ ಜನರಿಗೆ ಕಲಿಸುತ್ತಿದೆ.

ಉತ್ಸಾಹಿಗಳು ಎಡವುವುದು ಬರವಣಿಗೆಯ ಒಪ್ಪಂದದ ವಿಷಯದಲ್ಲಿ. ಎಂಜಿನಿಯರ್ ಒಬ್ಬರ ಬಾಯಿಮಾತಿನ ಅನುಮತಿ ಅವರ ವರ್ಗಾವಣೆಯ ಮರುದಿನವೇ ಬೆಲೆ ಕಳೆದುಕೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ ನಿವಾಸಿಗಳು ಪಾಳು ನಿವೇಶನಗಳಲ್ಲಿ ವರ್ಷಗಟ್ಟಲೆ ದುಡಿದು ಬೆಳೆಸಿದ್ದ ನೂರಕ್ಕೂ ಹೆಚ್ಚು ತೋಟಗಳನ್ನು ನಗರಾಡಳಿತ 1999ರಲ್ಲಿ ಹರಾಜಿಗಿಟ್ಟಿತು. ಸೇವಾಸಂಸ್ಥೆಗಳು ಹಣ ಕೊಟ್ಟು ಕೊಂಡದ್ದರಿಂದ ಅವು ಉಳಿದವು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ವಿಷಯದಲ್ಲಿ ನಿವಾಸಿಗಳ ಟ್ರಸ್ಟು 2011ರಲ್ಲಿ ಬಿಬಿಎಂಪಿಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು ನಿರ್ವಹಣೆ ವಹಿಸಿಕೊಂಡದ್ದು ಮೇಲ್ಪಂಕ್ತಿಯೇ ಸರಿ. ಆದರೂ ಕೆರೆಗಳ ಕುರಿತ ಇಂಥ ಒಪ್ಪಂದಗಳು ಮುಂದೆ ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾದವೆಂಬುದು, ಬಿಡಿ ಒಪ್ಪಂದಕ್ಕಿಂತ ಬೈಲಾ, ಅಂದರೆ ಪಾಲಿಕೆಯೇ ಅಂಗೀಕರಿಸಿದ ಉಪವಿಧಿ, ಗಟ್ಟಿ ನೆಲೆಯೆಂಬುದನ್ನು ತೋರಿಸುತ್ತದೆ.

ಆ ಬೈಲಾದಲ್ಲಿ ಇರಬೇಕಾದದ್ದು ಹೆಚ್ಚಿಲ್ಲ. ಪಾತಿಗೆ ಬೇಲಿಯಾಗಲಿ ಬೀಗವಾಗಲಿ ಇರಕೂಡದು. ಯಾವ ಕುಟುಂಬಕ್ಕೂ ಪ್ರತ್ಯೇಕ ತುಂಡು ಹಂಚಕೂಡದು. ಬಾಡಿಗೆದಾರರಿಗೂ ಮನೆಮಾಲೀಕರಿಗೂ ಸಮಾನ ಪ್ರವೇಶವಿರಬೇಕು. ಉದ್ಯಾನದ ಹತ್ತರಲ್ಲೊಂದು ಭಾಗವನ್ನು ಮೀರಬಾರದು. ಫಸಲಿನಲ್ಲಿ ಪಾರ್ಕಿನ ಮಾಲಿಗಳಿಗೆ ಪಾಲು ಸಿಗಬೇಕು. ಅನುಮತಿ ವರ್ಷಕ್ಕೊಮ್ಮೆ ವಾರ್ಡ್ ಸಮಿತಿಯ ಬಹಿರಂಗ ಸಭೆಯಲ್ಲಿ ನವೀಕರಣವಾಗಬೇಕು. ಬೇಲಿ ಹಾಕಿದ ದಿನವೇ ಅನುಮತಿ ರದ್ದಾಗುವುದೆಂಬ ಒಂದು ವಾಕ್ಯ ಅದರಲ್ಲಿದ್ದರೆ ವಿರೋಧಿಗಳ ಆತಂಕದ ಬಹುಪಾಲಿಗೆ ಉತ್ತರ ಸಿಕ್ಕಂತೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಬಂದ ಐದು ಪಾಲಿಕೆಗಳಲ್ಲೊಂದಾದ ಬೆಂಗಳೂರು ದಕ್ಷಿಣ ನಗರ ಪಾಲಿಕೆ ಹಳೆಯ ಕಡತಗಳ ಹೊರೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಹುದು. ಪರ ವಿರೋಧದ ವಾಗ್ವಾದವನ್ನು ಪಾರ್ಕಿನ ಬೆಂಚುಗಳ ಮೇಲೆ ಮುಗಿಸದೆ, ಇಂಥದೊಂದು ಬೈಲಾದ ಕರಡನ್ನು ಪಾಲಿಕೆಯ ಮುಂದಿಡುವುದು ಬಡಾವಣೆಗಳ ನಿವಾಸಿಗಳೇ ಮಾಡಬೇಕಾದ ಕೆಲಸ.