ದುಡಿಮೆ ಬೇಕು, ದುಡಿಯುವವನು ಬೇಡವೆ?

ಕಾಗದಪತ್ರಗಳಿಲ್ಲದೆ ನೆಲೆಸಿರುವ ವಲಸೆಗಾರರಿಗೆ ಕಾಯಿದೆಬದ್ಧವಾದ ಸ್ಥಾನ ನೀಡಬೇಕೆ ಎಂಬ ಪ್ರಶ್ನೆಯು ಅಮೆರಿಕದ ಶಾಸನಸಭೆಗಳನ್ನು ದಶಕಗಳಿಂದ ಕಾಡುತ್ತಲಿದೆ. 1986ರಲ್ಲಿ ಅಧ್ಯಕ್ಷ ರೇಗನ್ನರು ಸಹಿ ಹಾಕಿದ ಕಾಯಿದೆಯಿಂದ ಸುಮಾರು 27 ಲಕ್ಷ ಜನರಿಗೆ ಆ ಸ್ಥಾನ ಲಭಿಸಿತು. 2013ರಲ್ಲಿ ಸೆನೇಟು ಇನ್ನೊಂದು ವ್ಯಾಪಕ ಮಸೂದೆಯನ್ನು 68-32 ಮತಗಳಿಂದ ಅಂಗೀಕರಿಸಿತು. ಆದರೆ ಪ್ರತಿನಿಧಿಸಭೆಯು ಅದನ್ನು ಮತಕ್ಕೇ ಹಾಕಲಿಲ್ಲ.

ದೂರದ ದೇಶದ ಈ ವಾದವಿವಾದದಿಂದ ನಮಗೇನು ಎಂದು ವಾಚಕರು ಕೇಳಬಹುದು. ಇದು ಕೂಲಿಯ ಪ್ರಶ್ನೆಯೂ ಹೌದೆಂಬುದೇ ನಮ್ಮ ಉತ್ತರ. 2002ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂದಿತು. ಕಾರ್ಮಿಕ ಸಂಘಕ್ಕೆ ಬೆಂಬಲವಿತ್ತನೆಂದು ಕೆಲಸಗಾರನೊಬ್ಬನನ್ನು ಮಾಲಕರು ತೆಗೆದುಹಾಕಿದ್ದರು. ತೆಗೆದುದು ಕಾಯಿದೆಗೆ ವಿರುದ್ಧವಾಗಿತ್ತು. ಆದರೆ ಅವನು ಪರರ ದಾಖಲೆ ತೋರಿಸಿ ಕೆಲಸಕ್ಕೆ ಸೇರಿದವನು, ದೇಶದಲ್ಲಿರಲು ಅಪ್ಪಣೆಯಿಲ್ಲದವನು. ಅಂಥವನಿಗೆ ಕಳೆದುಹೋದ ಸಂಬಳ ಸಲ್ಲದೆಂದು ಐವರು ನ್ಯಾಯಾಧೀಶರು ತೀರ್ಪಿತ್ತರು. ನಾಲ್ವರು ಭಿನ್ನಮತ ತಳೆದರು. ತಪ್ಪು ಇಬ್ಬರದಾದರೂ ನಷ್ಟ ಹೊತ್ತವನು ದುಡಿದವನೊಬ್ಬನೇ.

ಊರು ಬಿಟ್ಟು ಮುಂಬಯಿಗೋ ಚೆನ್ನೈಗೋ ಬಂದಿರುವ ನಮಗೆ ಸಂವಿಧಾನದ 19ನೆಯ ವಿಧಿಯು ದೇಶದೊಳಗೆ ಎಲ್ಲಿಯಾದರೂ ನೆಲೆಸುವ ಹಕ್ಕನ್ನಿತ್ತಿದೆ. ಸಂಬಳದ ಬಾಕಿ ಕೇಳಿದರೆ ದೇಶದಿಂದಲೇ ಹೊರಗಟ್ಟಿಸುವೆನೆಂದು ಯಾವ ಮಾಲಕನೂ ನಮ್ಮನ್ನು ಹೆದರಿಸಲಾರ. ಈ ಹಕ್ಕಿನ ಬೆಲೆ ಅದಿಲ್ಲದವರನ್ನು ಕಂಡಾಗಲೇ ತಿಳಿಯುವುದು.

ವಿರೋಧಿಗಳ ವಾದವನ್ನೂ ಸುಮ್ಮನೆ ತಳ್ಳಿಹಾಕಲಾಗದು. ನಿಯಮ ಮೀರಿದವರನ್ನು ಮನ್ನಿಸಿದರೆ ಸರದಿಯಲ್ಲಿ ಕಾದವರಿಗೆ ಅನ್ಯಾಯವಲ್ಲವೆ ಎನ್ನುತ್ತಾರೆ. ಉದ್ಯೋಗದ ಆಧಾರದ ಮೇಲೆ ಕಾಯಂ ನೆಲೆ ಕೋರಿ ವರ್ಷಾನುವರ್ಷ ಕಾಯುತ್ತಿರುವವರಲ್ಲಿ ಭಾರತೀಯರೇ ಬಹಳ. ಯಾವುದೇ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಪಾಲು ಸಲ್ಲದೆಂಬ ಮಿತಿಯೇ ಇದಕ್ಕೆ ಮುಖ್ಯ ಕಾರಣ. ಆದರೆ 2013ರ ಮಸೂದೆಯು ಉದ್ಯೋಗದ ವರ್ಗದಲ್ಲಿ ಆ ಮಿತಿಯನ್ನೇ ತೆಗೆಯಹೊರಟಿತ್ತು. ಕಾಗದಪತ್ರವಿಲ್ಲದವರಿಗೆ ದಂಡವನ್ನೂ ಬಾಕಿ ತೆರಿಗೆಯನ್ನೂ ವಿಧಿಸಿ, ಅವರನ್ನು ಸರದಿಯ ಕೊನೆಯಲ್ಲಿ ನಿಲ್ಲಿಸಿತ್ತು. ಅದು ಬಿದ್ದುಹೋದಾಗ ಕಾದವರೂ ಸೋತರು, ಅಡಗಿ ದುಡಿಯುವವರೂ ಸೋತರು.

ಗಡಿಯನ್ನು ಕಾಯುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಉಂಟು. ಆದರೆ ಬಹುಕಾಲ ದುಡಿಮೆಯನ್ನು ಪಡೆದು, ದುಡಿದವನ ಹೆಸರನ್ನು ಮಾತ್ರ ಬರೆದುಕೊಳ್ಳದಿರುವುದು ನ್ಯಾಯವಲ್ಲ. ನಿರ್ಣಯವನ್ನು ಮುಂದೂಡುವುದೂ ಒಂದು ನಿರ್ಣಯವೇ; ಅದರ ಲಾಭ ಅಗ್ಗದ ಕೂಲಿ ಬಯಸುವವರಿಗೆ. ಬಾಯಿ ಬಿಡಲಾರದವನೊಬ್ಬನು ಪಕ್ಕದಲ್ಲಿ ದುಡಿಯುತ್ತಿರುವ ತನಕ, ಬಾಯಿ ಇರುವವನ ಕೂಲಿಯೂ ಏರುವುದು ಕಷ್ಟವೆಂಬುದನ್ನು ಆ ದೇಶದ ಕಾರ್ಮಿಕರು ಅರಿಯಬೇಕು.